ಬೀಗದ ಕೈ ಬೇರೆಯವರಲ್ಲಿದ್ದರೆ?

೨೦೧೭ನೆಯ ಇಸವಿಯ ಜೂನ್ ೨೭ರಂದು ಡೆನ್ಮಾರ್ಕಿನ ಮೇರ್ಸ್ಕ್ ಹಡಗು ಸಂಸ್ಥೆಯ ಕಚೇರಿಯಲ್ಲಿ ಕಂಪ್ಯೂಟರುಗಳ ಪರದೆಗಳು ಒಂದರ ಹಿಂದೊಂದು ಕಪ್ಪಾದುವು. ಸಮುದ್ರದ ಮೇಲೆ ಹಡಗುಗಳು ಎಂದಿನಂತೆ ಸಾಗುತ್ತಲೇ ಇದ್ದುವು. ಆದರೆ ಬಂದರಿಗೆ ಬಂದ ಯಾವ ಕಂಟೇನರನ್ನು ಎಲ್ಲಿ ಇಳಿಸಬೇಕು, ಯಾರಿಗೆ ಒಪ್ಪಿಸಬೇಕು ಎಂದು ಹೇಳಬೇಕಾದ ಯಂತ್ರಗಳು ಮೂಕವಾಗಿದ್ದುವು. ಅಮೆರಿಕದ ನ್ಯೂಜೆರ್ಸಿ, ಹಾಲೆಂಡಿನ ರಾಟರ್‌ಡ್ಯಾಮ್, ನಮ್ಮ ಮುಂಬಯಿಯ ಬಳಿಯ ಜವಾಹರಲಾಲ್ ನೆಹರು ಬಂದರು, ಹೀಗೆ ಹಲವೆಡೆ ಆ ಸಂಸ್ಥೆಯ ಕಟ್ಟೆಗಳಲ್ಲಿ ಕೆಲಸ ಸ್ತಬ್ಧವಾಯಿತು.

ಈ ಅನರ್ಥ ಬಂದ ದಾರಿಯನ್ನು ಕೇಳಿದರೆ ಓದುಗರಿಗೆ ವಿಸ್ಮಯವಾದೀತು. ಯುಕ್ರೇನ್ ದೇಶದಲ್ಲಿ ತೆರಿಗೆಯ ಲೆಕ್ಕ ಸಲ್ಲಿಸಲು ಬಳಸುವ ‘ಎಂ.ಇ.ಡಾಕ್’ ಎಂಬ ತಂತ್ರಾಂಶವಿತ್ತು. ಅದನ್ನು ತಯಾರಿಸುತ್ತಿದ್ದುದು ಒಂದು ಸಣ್ಣ ಸಂಸ್ಥೆ. ದುಷ್ಕರ್ಮಿಗಳು ಆ ಸಂಸ್ಥೆಯ ಸರ್ವರನ್ನು ವಶಪಡಿಸಿಕೊಂಡು, ಗ್ರಾಹಕರಿಗೆ ಕಾಲಕಾಲಕ್ಕೆ ಹೋಗುತ್ತಿದ್ದ ತಿದ್ದುಪಡಿಯ ದಾರಿಯಲ್ಲಿ ‘ನಾಟ್‌ಪೆಟ್ಯಾ’ ಎಂಬ ವಿನಾಶಕ ತಂತ್ರಾಂಶವನ್ನು ಸೇರಿಸಿಬಿಟ್ಟರು. ಮೇರ್ಸ್ಕ್ ಕೂಡ ಯುಕ್ರೇನಿನಲ್ಲಿ ಆ ತೆರಿಗೆ ತಂತ್ರಾಂಶವನ್ನು ಬಳಸುತ್ತಿತ್ತು. ಶತ್ರು ಗೋಡೆ ಒಡೆಯಲಿಲ್ಲ. ನಂಬಿಕೆಯ ಹಾಲಿನವನ ಕ್ಯಾನಿನಲ್ಲಿ ಅಡಗಿ ಮನೆಯೊಳಕ್ಕೆ ಬಂದ. ಈ ಕೃತ್ಯಕ್ಕೆ ರಷ್ಯದ ಸೇನೆಯೇ ಕಾರಣವೆಂದು ಅಮೆರಿಕ ಮತ್ತು ಬ್ರಿಟನ್ ಸರಕಾರಗಳು ೨೦೧೮ರಲ್ಲಿ ಬಹಿರಂಗವಾಗಿ ಹೇಳಿದುವು.

ಒಳಹೊಕ್ಕ ಮೇಲೆ ಅದು ಹಬ್ಬಿದ ಬಗೆ ಎರಡು. ಮೊದಲನೆಯದು, ವಿಂಡೋಸ್ ವ್ಯವಸ್ಥೆಯಲ್ಲಿದ್ದ ಒಂದು ದೋಷ. ಅದಕ್ಕೆ ಮೈಕ್ರೊಸಾಫ್ಟ್ ಸಂಸ್ಥೆ ಮಾರ್ಚ್ ತಿಂಗಳಲ್ಲಿಯೇ ಪರಿಹಾರವನ್ನು ಕೊಟ್ಟಿತ್ತು. ಎರಡನೆಯದು, ಒಂದು ಯಂತ್ರದ ನೆನಪಿನಲ್ಲಿ ಉಳಿದಿದ್ದ ಪಾಸ್‌ವರ್ಡುಗಳನ್ನು ಕದ್ದು ಇನ್ನೊಂದನ್ನು ತೆರೆಯುವುದು. ಆದುದರಿಂದ ದೋಷವನ್ನು ಸರಿಪಡಿಸಿಕೊಂಡಿದ್ದ ಯಂತ್ರಗಳೂ ಉಳಿಯಲಿಲ್ಲ.

ಇಂಥ ಸಂಭವಗಳನ್ನು ಮುಂಚಿತವಾಗಿ ಎಣಿಸುವುದಕ್ಕಾಗಿಯೇ ದೊಡ್ಡ ಸಂಸ್ಥೆಗಳಲ್ಲಿ ಇಂದು ಅಪಾಯ ನಿರ್ವಹಣೆಯ ತಂಡವೊಂದು ಇರುತ್ತದೆ. ಅದು ಮಾಡುವ ಕೆಲಸವೇನೆಂಬುದನ್ನು ಈಗ ನೋಡೋಣ.

ಮೊದಲ ಕೆಲಸ ಪಟ್ಟಿ ಮಾಡುವುದು. ಸಂಸ್ಥೆಯಲ್ಲಿ ಯಾವ ಯಾವ ಯಂತ್ರಗಳಿವೆ, ಯಾವ ತಂತ್ರಾಂಶಗಳಿವೆ, ಅವನ್ನು ಒದಗಿಸಿದವರು ಯಾರು, ಅವರಲ್ಲಿ ಯಾರಿಗೆ ನಮ್ಮ ಜಾಲದೊಳಕ್ಕೆ ಪ್ರವೇಶವಿದೆ? ಇದು ಗುಮಾಸ್ತೆಯ ಕೆಲಸದಂತೆ ತೋರಬಹುದು. ಆದರೆ ಇದೆಯೆಂದೇ ತಿಳಿಯದ ಬಾಗಿಲಿಗೆ ಬೀಗ ಹಾಕುವುದು ಯಾರಿಂದ ಸಾಧ್ಯ?

ಎರಡನೆಯದು ತೂಗಿ ನೋಡುವುದು. ಎಲ್ಲ ಅಪಾಯಗಳೂ ಸಮವಲ್ಲ. ಒಂದು ಕೆಡುಕು ಸಂಭವಿಸುವ ಸಾಧ್ಯತೆಗೆ ೧ರಿಂದ ೫ರವರೆಗೆ ಒಂದು ಅಂಕ, ಸಂಭವಿಸಿದರೆ ಆಗುವ ಹಾನಿಗೆ ಹಾಗೆಯೇ ಇನ್ನೊಂದು ಅಂಕ. ಎರಡನ್ನೂ ಗುಣಿಸಿದರೆ ಸ್ಥೂಲವಾದ ಒಂದು ಅಳತೆ ಸಿಗುತ್ತದೆ. ಕಾಗದ ಒದಗಿಸುವವನು ಒಂದು ವಾರ ತಪ್ಪಿಸಿದರೆ ನಷ್ಟ ಅಲ್ಪ. ಸಂಬಳದ ಲೆಕ್ಕವಿಡುವ ತಂತ್ರಾಂಶ ಒಂದು ದಿನ ನಿಂತರೂ ಸಾವಿರ ಮನೆಗಳಿಗೆ ತೊಂದರೆ.

ಮೂರನೆಯದು ನಿರ್ಧಾರ. ಅಪಾಯವನ್ನು ತಗ್ಗಿಸಬಹುದು, ಅಪಾಯದ ಕೆಲಸವನ್ನೇ ಕೈಬಿಡಬಹುದು, ವಿಮೆಯ ಮೂಲಕ ನಷ್ಟದ ಭಾರವನ್ನು ಬೇರೆಯವರಿಗೆ ವರ್ಗಾಯಿಸಬಹುದು, ಅಥವಾ ತಿಳಿದೇ ಒಪ್ಪಿಕೊಳ್ಳಬಹುದು. ಒಪ್ಪಿಕೊಳ್ಳುವುದಾದರೆ ಹಾಗೆ ಒಪ್ಪಿದವರು ಯಾರೆಂಬುದು ದಾಖಲೆಯಲ್ಲಿರಬೇಕು. ವಿಮೆಯೂ ಪೂರ್ಣ ಆಸರೆಯಲ್ಲ. ನಾಟ್‌ಪೆಟ್ಯಾದಿಂದ ನಷ್ಟಹೊಂದಿದ ಮೊಂಡೆಲೀಜ್ ಎಂಬ ತಿನಿಸಿನ ಸಂಸ್ಥೆಗೆ, ಇದು ಯುದ್ಧಸದೃಶ ಕೃತ್ಯವೆಂದು ಹೇಳಿ ವಿಮಾ ಸಂಸ್ಥೆ ಹಣವನ್ನು ನಿರಾಕರಿಸಿತು. ಆ ವ್ಯಾಜ್ಯ ರಾಜಿಯಲ್ಲಿ ಮುಗಿದದ್ದು ೨೦೨೨ರಲ್ಲಿ.

ಸರಬರಾಜುದಾರರ ವಿಷಯದಲ್ಲಿ ತಂಡದ ಎಚ್ಚರ ಇನ್ನೂ ಹೆಚ್ಚಿನದು. ೨೦೧೩ರಲ್ಲಿ ಅಮೆರಿಕದ ಟಾರ್ಗೆಟ್ ಅಂಗಡಿಗಳಿಂದ ಸುಮಾರು ೪ ಕೋಟಿ ಗ್ರಾಹಕರ ಕಾರ್ಡುಗಳ ವಿವರ ಕಳುವಾಯಿತು. ಕಳ್ಳರು ಒಳಹೊಕ್ಕದ್ದು ಶೀತಲೀಕರಣ ಯಂತ್ರಗಳ ಕೆಲಸ ನೋಡಿಕೊಳ್ಳುತ್ತಿದ್ದ ಒಬ್ಬ ಗುತ್ತಿಗೆದಾರನ ಪಾಸ್‌ವರ್ಡಿನಿಂದ! ಆದುದರಿಂದ ಒಪ್ಪಂದಕ್ಕೆ ಮೊದಲೇ ಕೇಳಬೇಕಾದ ಪ್ರಶ್ನೆಗಳಿವೆ: ನಮ್ಮ ಮಾಹಿತಿ ನಿಮ್ಮಲ್ಲಿ ಎಲ್ಲಿರುತ್ತದೆ? ನಿಮ್ಮಲ್ಲಿ ಕಳುವಾದರೆ ಎಷ್ಟು ಗಂಟೆಗಳೊಳಗೆ ನಮಗೆ ತಿಳಿಸುವಿರಿ? ನೀವು ಕೆಲಸ ವಹಿಸುವ ಒಳಗುತ್ತಿಗೆದಾರರು ಯಾರು? ಪ್ರವೇಶ ಕೊಡುವಾಗಲೂ ಕೆಲಸಕ್ಕೆ ಬೇಕಾದಷ್ಟನ್ನೇ ಕೊಡಬೇಕು. ಜಾಲವನ್ನು ಕೊಠಡಿಗಳಂತೆ ವಿಂಗಡಿಸಿ ಒಂದರ ಬೆಂಕಿ ಮತ್ತೊಂದಕ್ಕೆ ಹರಡದಂತೆ ನೋಡಿಕೊಳ್ಳಬೇಕು. ಒಪ್ಪಂದ ಮುಗಿದ ದಿನವೇ ಬೀಗದ ಕೈಯನ್ನು ಹಿಂದಕ್ಕೆ ಪಡೆಯಬೇಕು.

ದುರುದ್ದೇಶವಿಲ್ಲದೆಯೂ ಅನಾಹುತವಾಗಬಹುದು. ೨೦೨೪ರ ಜುಲೈ ೧೯ರಂದು, ಕಂಪ್ಯೂಟರುಗಳನ್ನು ರಕ್ಷಿಸುವುದೇ ಉದ್ಯೋಗವಾದ ಕ್ರೌಡ್‌ಸ್ಟ್ರೈಕ್ ಸಂಸ್ಥೆ ಕಳುಹಿಸಿದ ತಿದ್ದುಪಡಿಯೊಂದರ ದೋಷದಿಂದ ಸುಮಾರು ೮೫ ಲಕ್ಷ ಯಂತ್ರಗಳು ನಿಂತುಹೋದುವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿಯೂ ಪ್ರಯಾಣಿಕರಿಗೆ ಕೈಬರಹದ ಚೀಟಿಗಳನ್ನು ಕೊಡಬೇಕಾಯಿತು. ಒಂದೇ ಬಾರಿಗೆ ಎಲ್ಲ ಯಂತ್ರಗಳಿಗೂ ಕಳುಹಿಸದೆ, ಕೆಲವಕ್ಕೆ ಮಾತ್ರ ಕಳುಹಿಸಿ ಪರೀಕ್ಷಿಸಿದ ಅನಂತರ ಉಳಿದವಕ್ಕೆ ಹಂಚುವ ಕ್ರಮ ಎಷ್ಟು ಅವಶ್ಯಕವೆಂಬುದು ಅಂದು ಸ್ಪಷ್ಟವಾಯಿತು.

ಇನ್ನು ಮೇರ್ಸ್ಕಿನ ಕಥೆಯ ಉಳಿದ ಭಾಗ. ಯಾರಿಗೆ ಯಾವ ಯಂತ್ರವನ್ನು ತೆರೆಯುವ ಅಧಿಕಾರವಿದೆಯೆಂಬ ವಿವರವನ್ನಿಟ್ಟ ನಿಯಂತ್ರಕ ಸರ್ವರುಗಳು ಪ್ರಪಂಚದಾದ್ಯಂತ ಅಳಿಸಿಹೋಗಿದ್ದುವು. ಅವು ಒಂದಕ್ಕೊಂದು ನಕಲಾಗಿದ್ದುವು ನಿಜ. ಆದರೆ ಎಲ್ಲವೂ ಒಮ್ಮೆಗೇ ನಾಶವಾಗಬಹುದೆಂದು ಯಾರೂ ಎಣಿಸಿರಲಿಲ್ಲ. ಕೊನೆಗೆ ಒಂದೇ ಒಂದು ಉಳಿದಿತ್ತು, ಆಫ್ರಿಕದ ಘಾನಾ ದೇಶದ ಕಚೇರಿಯಲ್ಲಿ. ದಾಳಿಯ ಹೊತ್ತಿಗೆ ಅಲ್ಲಿ ವಿದ್ಯುತ್ ಹೋಗಿದ್ದುದರಿಂದ ಅದು ಜಾಲದಿಂದ ಬೇರ್ಪಟ್ಟಿತ್ತು. ಅಲ್ಲಿಯ ನೌಕರರಿಗೆ ಬ್ರಿಟನ್ನಿನ ವೀಸಾ ಇರಲಿಲ್ಲ. ಒಬ್ಬರು ನೈಜೀರಿಯದವರೆಗೆ ವಿಮಾನದಲ್ಲಿ ಹೋಗಿ ಆ ಅಮೂಲ್ಯ ಡಿಸ್ಕನ್ನು ಇನ್ನೊಬ್ಬರ ಕೈಗಿತ್ತರು. ಅವರು ಅದನ್ನು ಲಂಡನ್ನಿಗೆ ಒಯ್ದರು. ಅದರ ಆಧಾರದಿಂದ ಸುಮಾರು ಹತ್ತು ದಿನಗಳಲ್ಲಿ ೪,೦೦೦ ಸರ್ವರುಗಳನ್ನೂ ೪೫,೦೦೦ ಕಂಪ್ಯೂಟರುಗಳನ್ನೂ ಹೊಸದಾಗಿ ಸಿದ್ಧಪಡಿಸಲಾಯಿತು. ಸಂಸ್ಥೆ ತಾನೇ ಹೇಳಿದಂತೆ ನಷ್ಟ ೨೫ರಿಂದ ೩೦ ಕೋಟಿ ಡಾಲರು.

ಒಂದು ಮಹಾಸಂಸ್ಥೆಯನ್ನು ಉಳಿಸಿದ್ದು ಒಂದು ಊರಿನಲ್ಲಿ ಕರೆಂಟು ಹೋದದ್ದು! ಜಾಲಕ್ಕೆ ಸೇರದ ಒಂದು ನಕಲನ್ನು ಮೊದಲೇ ತೆಗೆದಿಟ್ಟು, ಅದರಿಂದ ಕೆಲಸವನ್ನು ಮರಳಿ ಆರಂಭಿಸುವ ಅಭ್ಯಾಸವನ್ನು ವರ್ಷಕ್ಕೊಮ್ಮೆಯಾದರೂ ಮಾಡಿದ್ದರೆ ಅದೃಷ್ಟವನ್ನು ಕಾಯಬೇಕಾಗಿರಲಿಲ್ಲ. ಬೇರೆಯವರನ್ನು ನಂಬದೆ ಯಾವ ಉದ್ಯಮವೂ ನಡೆಯದು. ನಂಬಿದ ಮಾತ್ರಕ್ಕೆ ಅಪಾಯ ತಪ್ಪದು. ಅದೃಷ್ಟದ ಸ್ಥಾನದಲ್ಲಿ ಮುಂದಾಲೋಚನೆಯನ್ನು ಇರಿಸುವುದೇ ಈ ತಂಡಗಳ ಕೆಲಸದ ಸಾರ.