‘ಒಂದೆರಡು ಕಡೆ’ ಮಳೆ ಅಂದರೆ ಎಷ್ಟು ಕಡೆ?

ಕುಮಾರಪಟ್ಟಣದ ಆಚೆ ದಂಡೆಗೆ ಹರಿಹರ, ನಡುವೆ ತುಂಗಭದ್ರೆ. ಇಲ್ಲಿ ಹನಿ ಬೀಳದಿದ್ದರೂ ಮಲೆನಾಡಿನಲ್ಲಿ ಮಳೆ ಹಿಡಿದರೆ ಹೊಳೆ ಕೆಂಪಾಗಿ ಬರುತ್ತದೆ. ಹೊಳೆ ನೋಡಿ ಹೊಲದ ಮಳೆ ಹೇಳಲಾಗದು. ಈ ಸೀಮೆಯ ರೈತ ರೋಹಿಣಿ, ಮಿರಗ ಎಂದು ನಕ್ಷತ್ರದ ಲೆಕ್ಕ ಇಟ್ಟ. ದಸರೆ ಹೊತ್ತಿಗೆ ದೇವರಗುಡ್ಡದಲ್ಲಿ ಗೊರವಪ್ಪ ಬಿಲ್ಲೇರಿ ನುಡಿಯುವ ಕಾರಣಿಕಕ್ಕೆ ಕಿವಿಗೊಟ್ಟ. ಕಾರಣಿಕ ಒಂದೇ ಸಾಲು, ಅರ್ಥ ಬಿಡಿಸುವವರು ಹತ್ತು ಮಂದಿ.

1875ರಲ್ಲಿ ಹುಟ್ಟಿದ ಭಾರತೀಯ ಹವಾಮಾನ ಇಲಾಖೆಯಲ್ಲೂ ಬಹುಕಾಲ ಕೈಕೆಲಸವೇ. ತಂತಿಯಲ್ಲಿ ಬಂದ ಅಂಕಿಗಳನ್ನು ನಕ್ಷೆಯಲ್ಲಿ ಗುರುತಿಸಿ, ಸಮಾನ ಒತ್ತಡದ ಊರುಗಳನ್ನು ಪೆನ್ಸಿಲ್ ಗೆರೆಯಲ್ಲಿ ಸೇರಿಸಿ, ವಾಯುಭಾರ ಕುಸಿತ ಯಾವ ಕಡೆ ಸರಿಯುತ್ತಿದೆ ಎಂದು ಅಂದಾಜಿಸಬೇಕಿತ್ತು. ಲೆಕ್ಕದಿಂದಲೇ ಹವೆ ಹೇಳಬಹುದೆಂದು ಬ್ರಿಟನ್ನಿನ ರಿಚರ್ಡ್‌ಸನ್ 1922ರಲ್ಲೇ ಬರೆದಿದ್ದ; ಕೈಲೆಕ್ಕಕ್ಕೆ ಆ ವೇಗ ಇರಲಿಲ್ಲ. ಈಗ ಪುಣೆಯ ‘ಅರ್ಕ’, ನೋಯ್ಡಾದ ‘ಅರುಣಿಕಾ’ ಸೂಪರ್ ಕಂಪ್ಯೂಟರ್‌ಗಳಿವೆ. 2025ರ ಮೇ ತಿಂಗಳಲ್ಲಿ ಬಂದ ಭಾರತ್ ಫೋರ್‌ಕಾಸ್ಟ್ ಸಿಸ್ಟಮ್ ದೇಶವನ್ನು 6 ಕಿ.ಮೀ. ಚೌಕಗಳಾಗಿ ನೋಡುತ್ತದೆ; ಅದಕ್ಕೂ ಮುಂಚಿನದು 12 ಕಿ.ಮೀ. ಅಂದರೆ 144 ಚದರ ಕಿ.ಮೀ.ಗೆ ಒಂದು ಉತ್ತರ ಇದ್ದದ್ದು 36ಕ್ಕೆ ಇಳಿದಿದೆ. ಬೇಸಿಗೆಯ ಗುಡುಗು ಮೋಡಕ್ಕೆ ಅದೂ ದೊಡ್ಡ ಜಾಗವೇ. ಒಂದು ಹೊಲ ತೋಯಿಸಿ, ಪಕ್ಕದ ಹೊಲ ಬಿಟ್ಟು ಹೋಗುವ ಮೋಡ ಅದು.

ಹಾಗಾಗಿ ಮುನ್ಸೂಚನಾಕಾರನ ಕೆಲಸ ಹೋಗಲಿಲ್ಲ, ಜಾಗ ಬದಲಾಯಿತು. ಒಂದು ಕಂಪ್ಯೂಟರ್ ಮಾದರಿ ಮಳೆ ಅನ್ನುತ್ತದೆ, ಇನ್ನೊಂದು ಒಣ ಹವೆ ಅನ್ನುತ್ತದೆ. ಆರಂಭದ ಅಂಕಿಗಳನ್ನು ಕೂದಲೆಳೆಯಷ್ಟು ಬದಲಿಸಿ ಅದೇ ಲೆಕ್ಕವನ್ನು ಹತ್ತಾರು ಸಲ ಓಡಿಸಿ, ಎಷ್ಟರಲ್ಲಿ ಮಳೆ ಬಂತೆಂದು ನೋಡುತ್ತಾರೆ. ಜೊತೆಗೆ ಉಪಗ್ರಹ, ರಾಡಾರ್, ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಗ್ರಾಮ ಪಂಚಾಯಿತಿಗಳಲ್ಲಿ ನೆಟ್ಟ ಮಳೆಮಾಪಕ. ಇಷ್ಟನ್ನೂ ತೂಗಿ ಕೊನೆಗೆ ಒಂದು ವಾಕ್ಯ ಬರೆಯಬೇಕು. ಅದೇ ಕಷ್ಟದ ಕೆಲಸ ಎಂದು ನನ್ನ ಎಣಿಕೆ.

ಬ್ಯಾಡಗಿ ಸುತ್ತಿನ ಕಣಗಳಲ್ಲಿ ಮಾರ್ಚ್ ತಿಂಗಳು ಮೆಣಸಿನಕಾಯಿ ಹರವಿರುತ್ತದೆ. ‘ಒಂದೆರಡು ಕಡೆ ಮಳೆ’ ಎಂದು ಪ್ರಕಟಣೆ ಬರುತ್ತದೆ. ಇಲಾಖೆಯ ಲೆಕ್ಕದಲ್ಲಿ ಅದಕ್ಕೆ ಖಚಿತ ಅರ್ಥವಿದೆ: ಆ ಪ್ರದೇಶದ ಮಳೆ ಕೇಂದ್ರಗಳಲ್ಲಿ ಕಾಲು ಪಾಲು, ಇಲ್ಲವೇ ಅದಕ್ಕೂ ಕಡಿಮೆ. ‘ಕೆಲವು ಕಡೆ’ ಅಂದರೆ ಅರ್ಧದವರೆಗೆ. ಕಣದಲ್ಲಿ ನಿಂತವನಿಗೆ ಇದನ್ನು ಯಾರೂ ಹೇಳಿಕೊಟ್ಟಿಲ್ಲ. ಅವನ ಪ್ರಶ್ನೆ ಒಂದೇ: “ನಮ್ಮ ಕಣಕ್ಕ ಬರತೈತೋ ಇಲ್ಲೋ?” ತಾಡಪತ್ರಿ ಹೊದಿಸಿಟ್ಟರೆ ಹಸಿ ಕಾಯಿ ಬೆವೆತು ಬೂಸ್ಟು ಹಿಡಿಯುತ್ತದೆ, ಹೊದಿಸದೆ ನೆನೆದರೆ ಬಣ್ಣ ಹೋಗುತ್ತದೆ. ಬ್ಯಾಡಗಿ ಕಾಯಿಗೆ ಬಣ್ಣವೇ ಬೆಲೆ.

ಕೃಷಿ ಹವಾಮಾನ ಸಲಹೆ ಮಂಗಳವಾರ, ಶುಕ್ರವಾರ ಬರುತ್ತದೆ. ಬ್ಯಾಡಗಿ ಮಾರುಕಟ್ಟೆ ಸೋಮವಾರ, ಗುರುವಾರ. ಗುಡುಗು ಮಳೆಯ ವಿಷಯದಲ್ಲಿ ಶುಕ್ರವಾರದ ಮಾತನ್ನು ಸೋಮವಾರದವರೆಗೆ ನೆಚ್ಚಿಕೊಳ್ಳುವಂತಿಲ್ಲ. ಚೀಲ ತುಂಬುವ ಮುನ್ನ ಭಾನುವಾರ ‘ವರುಣಮಿತ್ರ’ ಸಹಾಯವಾಣಿಗೆ ಫೋನ್ ಹಚ್ಚಿ, ಊರಿನ ಹೆಸರು ಹೇಳಿ ಇನ್ನೊಮ್ಮೆ ಕೇಳುವುದೇ ಲೇಸು.