ಹ್ಯೂರಾನ್ ಸರೋವರದಲ್ಲಿ ಒಂದು ದಿನ: ದೋಣಿ, ದ್ವೀಪ, ಒಂದಿಷ್ಟು ಈಜು



ಅರೋರಾ, ನೇಪರ್‌ವಿಲ್ ಕಡೆಯ ನಮ್ಮವರ ಬೇಸಿಗೆ ಹೇಗೆ ಕಳೆಯುತ್ತದೆ ಅಂತ ನಿಮಗೆಲ್ಲ ಗೊತ್ತೇ ಇದೆ. ಒಂದು ವೀಕೆಂಡ್ ವಿಸ್ಕಾನ್ಸಿನ್ ಡೆಲ್ಸ್, ಒಂದು ವೀಕೆಂಡ್ ಡೋರ್ ಕೌಂಟಿ, ಊರಿನಿಂದ ಅಪ್ಪ-ಅಮ್ಮ ಬಂದಿದ್ದರೆ ಕಡ್ಡಾಯವಾಗಿ ನಯಾಗರ. ಮಿಕ್ಕ ಭಾನುವಾರಗಳಿಗೆ ಬಾಲಾಜಿ ದೇವಸ್ಥಾನ, ಕೂಟದ ಪಿಕ್ನಿಕ್ಕು. ದೋಣಿಯಲ್ಲಿ ದ್ವೀಪದಿಂದ ದ್ವೀಪಕ್ಕೆ ಹೋಗುವುದು, ಮುಖಕ್ಕೆ ಮಾಸ್ಕ್ ಹಾಕಿಕೊಂಡು ನೀರಿನೊಳಗೆ ಇಣುಕುವುದು, ಇವೆಲ್ಲ ಡಿಸೆಂಬರಿನಲ್ಲಿ ದುಬಾರಿ ಟಿಕೆಟ್ ಕೊಂಡು ಕ್ಯಾನ್‌ಕೂನ್‌ಗೆ ಹೋದವರಿಗೆ ಮಾತ್ರ ಅಂತ ನಾವೆಲ್ಲ ಅಂದುಕೊಂಡಿದ್ದೇವೆ. ಹಾಗೇನಿಲ್ಲ. ಮನೆಯ ಗ್ಯಾರೇಜಿನಿಂದ ಕಾರಿನಲ್ಲೇ ಹೊರಟು ಇದನ್ನು ಮಾಡಿ ಬರಬಹುದು. ಕಳೆದ ಆಗಸ್ಟಿನಲ್ಲಿ ನಾವು ಎರಡು ಸಂಸಾರ ಹೋಗಿ ಬಂದೆವು.

ಊರಿನ ಹೆಸರು ಟೊಬರ್‌ಮೋರಿ. ಕೆನಡಾದ ಆಂಟಾರಿಯೋದಲ್ಲಿ ಬ್ರೂಸ್ ಪೆನಿನ್ಸುಲಾ ಅಂತ ಒಂದು ಉದ್ದನೆಯ ನಾಲಿಗೆ ಹ್ಯೂರಾನ್ ಸರೋವರಕ್ಕೂ ಜಾರ್ಜಿಯನ್ ಬೇಗೂ ನಡುವೆ ಚಾಚಿಕೊಂಡಿದೆಯಲ್ಲ, ಅದರ ತುದಿ. ಅಲ್ಲಿಂದ ಮುಂದೆ ರಸ್ತೆ ಇಲ್ಲ, ಮ್ಯಾನಿಟೂಲಿನ್ ದ್ವೀಪಕ್ಕೆ ಹೋಗುವ ಚಿ-ಚೀಮಾನ್ ಎಂಬ ದೊಡ್ಡ ಫೆರ್ರಿ ಇದೆ. (ಒಜಿಬ್ವೆ ಭಾಷೆಯಲ್ಲಿ ಹಾಗೆಂದರೆ ದೊಡ್ಡ ದೋಣಿ!) ಊರಿನ ಸುತ್ತಲಿನ ನೀರು ಮತ್ತು ದ್ವೀಪಗಳನ್ನು 1987ರಲ್ಲಿ ಫ್ಯಾದಮ್ ಫೈವ್ ಎಂಬ ಹೆಸರಿನಲ್ಲಿ ಸಾಗರ ಉದ್ಯಾನವಾಗಿ ಮಾಡಿದರು. ನೀರಿನಡಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಮುಳುಗಿದ ಹಡಗುಗಳಿವೆ. ಡೆಟ್ರಾಯಿಟ್ ಕಡೆಯಿಂದ ಐದು ಗಂಟೆಯ ಡ್ರೈವ್, ಅರೋರಾದಿಂದ ಒಂಬತ್ತು ಹತ್ತು ಗಂಟೆ. ಡೆಟ್ರಾಯಿಟಿನಲ್ಲಿರುವ ನನ್ನ ಹಾಸ್ಟೆಲ್ ರೂಂಮೇಟ್ ಮನೆಯಲ್ಲಿ ಶುಕ್ರವಾರ ರಾತ್ರಿ ತಂಗಿ, ಶನಿವಾರ ಬೆಳಿಗ್ಗೆ ಪೋರ್ಟ್ ಹ್ಯೂರಾನಿನ ಬ್ಲೂ ವಾಟರ್ ಸೇತುವೆ ದಾಟಿದೆವು.

ದೋಣಿಯ ಕಥೆಗೆ ಮುಂಚೆ ಇನ್ನೊಂದು ವಿಷಯ ಹೇಳಬೇಕು. ನಮ್ಮವರ ದೋಣಿ ಪ್ರವಾಸ ಅಂದರೆ ಸಾಮಾನ್ಯವಾಗಿ ಹೀಗಿರುತ್ತದೆ: ಮಕ್ಕಳು ನೀರಿಗೆ, ಅಪ್ಪಂದಿರು ಕ್ಯಾಮೆರಾ ಹಿಂದೆ, ಅಮ್ಮಂದಿರು ಟವೆಲ್ ಹಿಡಿದುಕೊಂಡು ದೋಣಿಯಲ್ಲೇ. ಮಕ್ಕಳಿಗೆ ಐದು ವರ್ಷಕ್ಕೇ ಪಾರ್ಕ್ ಡಿಸ್ಟ್ರಿಕ್ಟಿನ ಈಜು ಕ್ಲಾಸಿಗೆ ಸೇರಿಸುತ್ತೇವೆ. ನಾವು ಮಾತ್ರ ಗಾಜಿನ ಆಚೆ ಬೆಂಚಿನ ಮೇಲೆ ಕೂತು ಲ್ಯಾಪ್‌ಟಾಪ್ ತೆಗೆಯುತ್ತೇವೆ. ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿಯಲ್ಲಿ ಬೆಳೆದ ನಮ್ಮ ಪೀಳಿಗೆಗೆ ನೀರು ಅಂದರೆ ಎರಡು ದಿನಕ್ಕೊಮ್ಮೆ ನಲ್ಲಿಯಲ್ಲಿ ಬರುವುದು, ಅಷ್ಟೆ! ತಮಾಷೆ ಒತ್ತಟ್ಟಿಗಿರಲಿ, ಇದು ಅಪಾಯದ ಮಾತೂ ಹೌದು. ಮಗು ನೀರಿನಲ್ಲಿ ಒದ್ದಾಡಿದರೆ ಈಜು ಬರದ ಅಪ್ಪ ಅಮ್ಮ ಸುಮ್ಮನೆ ನಿಂತು ನೋಡುವುದಿಲ್ಲ, ಹಾರಿಯೇ ಹಾರುತ್ತಾರೆ. ಆಮೇಲೆ ಇಬ್ಬರನ್ನು ಎತ್ತಬೇಕಾಗುತ್ತದೆ.

ಜನವರಿಯಲ್ಲಿ ನನ್ನ ಹೆಂಡತಿ ಹೇಳಿದ್ದೂ ಇದನ್ನೇ. "ಟವೆಲ್ ಹಿಡಿಯೋಕೆ ನಾನು ಬರಲ್ಲ. ನಾನೂ ನೀರಿಗಿಳಿಯೋದಾದರೆ ಬುಕ್ ಮಾಡಿ." ಹೊರಗೆ ಕಾರಿನ ಗಾಜಿನ ಮೇಲೆ ಇಂಚು ದಪ್ಪ ಮಂಜುಗಡ್ಡೆ ಇದ್ದ ಸಂಜೆಗಳಲ್ಲಿ ಅವಳು ದೊಡ್ಡವರ ಬಿಗಿನರ್ ಕ್ಲಾಸಿಗೆ ಹೋಗತೊಡಗಿದಳು. ಮೊದಲ ಸಮಸ್ಯೆ ನೀರಲ್ಲ, ಬಟ್ಟೆ. ಇದರ ಬಗ್ಗೆ ನಮ್ಮ ಹೆಂಗಸರು ಬಾಯಿ ಬಿಟ್ಟು ಮಾತಾಡುವುದಿಲ್ಲ, ಆದರೆ ಎಷ್ಟೋ ಜನ ಕ್ಲಾಸಿಗೆ ಸೇರದಿರಲು ಅದೇ ಕಾರಣ. ಉದ್ದ ತೋಳಿನ ರಾಶ್ ಗಾರ್ಡ್, ಕಣಕಾಲಿನವರೆಗಿನ ಸ್ವಿಮ್ ಲೆಗ್ಗಿಂಗ್ ಎರಡೂ ಅಂಗಡಿಯಲ್ಲಿ ಸಿಗುತ್ತವೆ, ಕೊಳದಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ಹತ್ತಿಯ ಚೂಡಿದಾರ ಮಾತ್ರ ಬೇಡ. ನೀರು ಕುಡಿದು ಕಲ್ಲಿನ ಹಾಗೆ ಭಾರವಾಗುತ್ತದೆ.

ಆಗ ನನ್ನ ಅಮ್ಮ ನಮ್ಮಲ್ಲೇ ಇದ್ದರು. ತೀರ್ಥಹಳ್ಳಿ ಕಡೆಯವರು. ಸುಮ್ಮನೆ ಜೊತೆಗೆ ಹೋಗಿ ಬೆಂಚಿನ ಮೇಲೆ ಕೂರುತ್ತಿದ್ದವರು ಮೂರನೇ ದಿನಕ್ಕೆ ಎದ್ದು ನಿಂತು, "ತಲೆ ಹಿಂದಕ್ಕೆ ಬಿಡು ಕಣೇ, ಹೊಟ್ಟೆ ಮೇಲೆತ್ತು, ನೀರು ತಾನೇ ಹೊರತ್ತೆ" ಅಂತ ಕೂಗಿದರಂತೆ. ಒಂದು ನಿಮಿಷದ ಹಿಂದೆ ಕೋಚ್ ಹುಡುಗಿ ಇಂಗ್ಲಿಷಿನಲ್ಲಿ ಹೇಳಿದ್ದೂ ಅದನ್ನೇ! ವಿಚಾರಿಸಿದರೆ ಗೊತ್ತಾಗಿದ್ದು, ಅಮ್ಮನಿಗೆ ಈಜು ಬರುತ್ತದೆ. ಚಿಕ್ಕಂದಿನಲ್ಲಿ ತೋಟದ ಬಾವಿಯಲ್ಲಿ ಅಣ್ಣಂದಿರು ಒಣಗಿದ ಸೋರೆ ಬುರುಡೆ ಬೆನ್ನಿಗೆ ಕಟ್ಟಿ ಕಲಿಸಿದ್ದರಂತೆ. "ದೊಡ್ಡವಳಾದ ಮೇಲೆ ಬಾವಿ ಹತ್ರ ಬಿಡಲಿಲ್ಲ, ಅಲ್ಲಿಗೆ ಮುಗೀತು" ಅಂದರು. ನನಗೆ ಮೂವತ್ತಾರು ವರ್ಷ. ಈ ಸಂಗತಿ ಅಲ್ಲಿಯವರೆಗೆ ನನ್ನ ಕಿವಿಗೆ ಬಿದ್ದಿರಲಿಲ್ಲ.

ಸರಿ, ದಾರಿಗೆ ಬರೋಣ. ಈ ದಾರಿಯಲ್ಲೇ ಒಂದು ವಿಚಿತ್ರ ಇದೆ. ಚಿಕಾಗೋದ ದಕ್ಷಿಣಕ್ಕೆ ಐ-80 ಹೆದ್ದಾರಿ ದೈತ್ಯ ಗಾತ್ರದ ಒಂದು ಕಲ್ಲುಗಣಿಯ ನಡುವೆಯೇ ಹಾದು ಹೋಗುತ್ತದೆ, ಎಡಕ್ಕೂ ಬಲಕ್ಕೂ ಪ್ರಪಾತ. ಅದು ಥಾರ್ನ್‌ಟನ್ ಕ್ವಾರಿ. ಅಲ್ಲಿ ಅಗೆಯುತ್ತಿರುವುದು 40 ಕೋಟಿ ವರ್ಷಕ್ಕೂ ಹಳೆಯದಾದ ಹವಳದ ದಿಬ್ಬವನ್ನು! ಆ ಕಾಲದಲ್ಲಿ ಈ ನೆಲ ಭೂಮಧ್ಯರೇಖೆಯ ದಕ್ಷಿಣಕ್ಕೆ, ಬೆಚ್ಚಗಿನ ಸಮುದ್ರದ ಅಡಿಯಲ್ಲಿತ್ತು. ಆ ಸಮುದ್ರ ಆವಿಯಾದಾಗ ಉಳಿದ ಉಪ್ಪು ಡೆಟ್ರಾಯಿಟ್ ನಗರದ ಕೆಳಗೆ ಸುಮಾರು 1,200 ಅಡಿ ಆಳದಲ್ಲಿದೆ, ಅಲ್ಲೂ ಗಣಿ ಇದೆ. ಕೆನಡಾ ಕಡೆ ಸರೋವರದ ದಡದಲ್ಲೇ ಹೋಗುವ ರಸ್ತೆಯಲ್ಲಿ ಸಿಗುವ ಗಾಡ್ರಿಚ್ ಊರಿನ ಉಪ್ಪಿನ ಗಣಿಯಂತೂ ಹ್ಯೂರಾನ್ ಸರೋವರದ ಅಡಿಗೇ ಚಾಚಿಕೊಂಡಿದೆ. ಜಗತ್ತಿನ ಅತಿ ದೊಡ್ಡ ನೆಲದಡಿಯ ಉಪ್ಪಿನ ಗಣಿ ಅದೇ. ಮೇಲೆ ಸಿಹಿನೀರು, ಕೆಳಗೆ ಉಪ್ಪು. ಟೊಬರ್‌ಮೋರಿಯ ಬಂಡೆಗಳೂ ಆ ಸಮುದ್ರದವೇ. ಮಗಳಿಗೆ ಇದನ್ನು ಹೇಳಿದಾಗ, "ಹಾಗಾದ್ರೆ ನಾವು ಮೂರು ದಿನದಿಂದ ಸಮುದ್ರದಲ್ಲೇ ಡ್ರೈವ್ ಮಾಡ್ತಿದೀವಾ ಅಪ್ಪಾ?" ಅಂದಳು. ಮೂರು ದಿನ ಅಲ್ಲ, ಎರಡು. ಹಿಂದಿನ ಸೀಟಿನಲ್ಲಿ ಹಾಗನ್ನಿಸಿರಬೇಕು.

ಭಾನುವಾರ ಬೆಳಿಗ್ಗೆ ಎರಡು ಸಂಸಾರಕ್ಕೂ ಸೇರಿ ಒಂದು ಸಣ್ಣ ದೋಣಿ ಮಾತಾಡಿದ್ದೆವು. ಮೊದಲ ನಿಲುಗಡೆ ಬಿಗ್ ಟಬ್ ಎಂಬ ಕಿರಿದಾದ ಬಂದರು. ಅಲ್ಲಿ ಸ್ವೀಪ್‌ಸ್ಟೇಕ್ಸ್ ಎಂಬ ಎರಡು ಕಂಬದ ಹಾಯಿ ಹಡಗು ಮಲಗಿದೆ. 1867ರಲ್ಲಿ ಕಟ್ಟಿದ್ದು, 119 ಅಡಿ ಉದ್ದ, ಕಲ್ಲಿದ್ದಲು ಸಾಗಿಸುತ್ತಿತ್ತು. 1885ರಲ್ಲಿ ಕೋವ್ ದ್ವೀಪದ ಹತ್ತಿರ ಪೆಟ್ಟಾಗಿ, ಎಳೆದು ತಂದ ಮೇಲೆ ಇಲ್ಲೇ ಮುಳುಗಿತು. ಸುಮಾರು 20 ಅಡಿ ನೀರು, ಅಷ್ಟೆ. ಮಾಸ್ಕ್ ಹಾಕಿ ಮುಖ ಮುಳುಗಿಸಿದರೆ ಇಡೀ ಹಡಗು ಹೊಟ್ಟೆಯ ಕೆಳಗೆ. ಹಲಗೆ ಹಲಗೆಯೂ ಎಣಿಸಬಹುದು! ನೀರಿನಲ್ಲಿ ವಸ್ತುಗಳು ಮೂರರಲ್ಲೊಂದು ಪಾಲು ದೊಡ್ಡದಾಗಿ ಕಾಣುವುದರಿಂದ ಹತ್ತಿರ ಬಂದ ಹಾಗೂ ಅನ್ನಿಸುತ್ತದೆ. ಮುಟ್ಟುವಂತಿಲ್ಲ, ಏನನ್ನೂ ಎತ್ತುವಂತಿಲ್ಲ. ಮರದ ಹಡಗು ಇಷ್ಟು ವರ್ಷ ಉಳಿದಿದ್ದು ಹೇಗೆ ಅಂದರೆ, ಸಮುದ್ರದಲ್ಲಿ ಮರ ಕೊರೆದು ತಿನ್ನುವ ಹುಳು ಸಿಹಿನೀರಿನಲ್ಲಿ ಬದುಕುವುದಿಲ್ಲ. ಜೊತೆಗೆ ನೀರಿನ ಚಳಿ. ನಮ್ಮ ಮಲ್ಪೆ ಕಡಲಿನಲ್ಲಿ ಮುಳುಗಿದ್ದರೆ ಯಾವತ್ತೋ ಮುಗಿದಿರುತ್ತಿತ್ತು.

ಚಳಿ ಅಂದೆನಲ್ಲ. ಆಗಸ್ಟಿನಲ್ಲೂ ಈ ನೀರು ಮೊದಲ ಕ್ಷಣ ಉಸಿರು ಕಿತ್ತುಕೊಳ್ಳುತ್ತದೆ. ಅದು ಬರೀ ಮಾತಲ್ಲ, ಥಟ್ಟನೆ ತಣ್ಣೀರಿಗೆ ಬಿದ್ದ ದೇಹ ತನ್ನಷ್ಟಕ್ಕೇ ಜೋರಾಗಿ ಉಸಿರೆಳೆದುಕೊಳ್ಳುತ್ತದೆ. ಆಗ ಬಾಯಿ ನೀರಿನೊಳಗಿದ್ದರೆ ಕಥೆ ಮುಗಿಯಿತು. ಆದ್ದರಿಂದ ಹಾರಬಾರದು, ಏಣಿ ಹಿಡಿದು ನಿಧಾನವಾಗಿ ಇಳಿದು, ಒಂದೆರಡು ನಿಮಿಷ ಏಣಿಯನ್ನೇ ಹಿಡಿದುಕೊಂಡು ಉಸಿರು ಹದಕ್ಕೆ ಬಂದ ಮೇಲೆ ಕೈ ಬಿಡಬೇಕು. ದಪ್ಪ ವೆಟ್‌ಸೂಟ್ ಬೇಕೇ ಬೇಕು, ಊರಿನಲ್ಲೇ ಬಾಡಿಗೆಗೆ ಸಿಗುತ್ತದೆ. ಇನ್ನೊಂದು ಲೆಕ್ಕ, ಎಂಜಿನಿಯರ್ ಬುದ್ಧಿ ನೋಡಿ: ಸಿಹಿನೀರು ಸಮುದ್ರದ ನೀರಿಗಿಂತ ಶೇಕಡಾ ಎರಡೂವರೆಯಷ್ಟು ಹಗುರ. ಅಂದರೆ 70 ಕಿಲೋ ತೂಕದ ನನ್ನಂಥವನಿಗೆ ಕ್ಯಾನ್‌ಕೂನಿನಲ್ಲಿ ಸಿಗುವ ಆಸರೆಗಿಂತ ಒಂದೂಮುಕ್ಕಾಲು ಕಿಲೋ ಕಮ್ಮಿ. ಅಲ್ಲಿ ತೇಲಿದವರು ಇಲ್ಲೂ ಹಾಗೇ ತೇಲುತ್ತೇವೆ ಅಂದುಕೊಳ್ಳಬಾರದು. ವೆಟ್‌ಸೂಟ್ ತೇಲುವ ವಸ್ತು, ಆ ಕೊರತೆ ತುಂಬುತ್ತದೆ. ಮೇಲೊಂದು ಸ್ನಾರ್ಕೆಲ್ ವೆಸ್ಟ್ ಇದ್ದರೆ ನಿಶ್ಚಿಂತೆ. ಅಮ್ಮ ಅದನ್ನು ನೋಡಿ "ಇದೇ ನಮ್ಮ ಸೋರೆ ಬುರುಡೆ" ಅಂದರು.

ಮಗಳು ಇಳಿದಳು, ಗೆಳೆಯನ ಮಕ್ಕಳು ಇಳಿದರು, ನಾನು ಇಳಿದೆ. ಹೆಂಡತಿ ಏಣಿಯ ಕೊನೆಯ ಮೆಟ್ಟಿಲಲ್ಲಿ ತುಂಬಾ ಹೊತ್ತು ನಿಂತಳು. ಕೊಳದಲ್ಲಿ ತಳ ಕಾಣುತ್ತದೆ, ನೀಲಿ ಗೆರೆ ಇರುತ್ತದೆ. ಇಲ್ಲಿ ಕೆಳಗೆ ನೂರೈವತ್ತು ವರ್ಷದ ಹಡಗು. ಯಾರೂ ಅವಸರ ಮಾಡಲಿಲ್ಲ. ದೋಣಿಯ ಮೇಲಿಂದ ಅಮ್ಮ ಒಂದೇ ಮಾತು, "ಹೊಟ್ಟೆ ಮೇಲೆತ್ತೋದು ಬೇಡ, ಈಗ ಕೆಳಗೆ ನೋಡ್ಬೇಕಲ್ಲ!" ನಗು ಬಂದು ಕೈ ಬಿಟ್ಟಳು. ಹತ್ತು ನಿಮಿಷ ಬಿಟ್ಟು ನೋಡಿದರೆ ಅವಳೂ ಮಗಳೂ ಕೈ ಕೈ ಹಿಡಿದು ಹಡಗಿನ ಮೂತಿಯ ಮೇಲೆ ತೇಲುತ್ತಿದ್ದರು. ಸ್ನಾರ್ಕೆಲ್ ಕೊಳವೆಯೊಳಗಿಂದ ಏನೋ ಮಾತು ಬೇರೆ!

ನನ್ನ ಗೆಳೆಯ ಇಳಿಯಲಿಲ್ಲ. ಬಾಳೆಕಾಯಿ ಚಿಪ್ಸ್ ಖಾಲಿ ಮಾಡಿದ.

ನೀರು ಯಾಕಿಷ್ಟು ತಿಳಿ ಅಂತ ಕೇಳಿದಾಗ ದೋಣಿಯವನ ಉತ್ತರ ಅಷ್ಟೇನೂ ಖುಷಿ ಕೊಡಲಿಲ್ಲ. ಈ ನೀರು ಮೊದಲಿಂದಲೂ ತಿಳಿಯೇ, ಆದರೆ ಈಗಿನ ಹೊಳಪಿಗೆ ಚಿಪ್ಪುಜೀವಿಗಳೂ ಕಾರಣ. ಹೊರದೇಶದ ಹಡಗುಗಳು ತುಂಬಿಕೊಂಡು ಬಂದ ನೀರಿನ ಜೊತೆ ಬಂದ ಜೀಬ್ರಾ ಮಸಲ್ 1988ರಲ್ಲಿ ಡೆಟ್ರಾಯಿಟ್ ಪಕ್ಕದ ಲೇಕ್ ಸೇಂಟ್ ಕ್ಲೇರಿನಲ್ಲಿ ಮೊದಲು ಪತ್ತೆಯಾಯಿತು. ಅದೂ, ಆಮೇಲೆ ಬಂದ ಅದರ ದಾಯಾದಿ ಕ್ವಾಗಾ ಮಸಲ್ಲೂ ನೀರನ್ನು ಸೋಸಿ ಸೋಸಿ, ಮರಿಮೀನು ತಿನ್ನಬೇಕಾದ ಸೂಕ್ಷ್ಮ ಜೀವಿಗಳನ್ನು ತಾವೇ ತಿಂದು ಮುಗಿಸುತ್ತಿವೆ. ನಮ್ಮ ಕಣ್ಣಿಗೆ ಹಬ್ಬ, ಮೀನಿಗೆ ಉಪವಾಸ. ಬಣ್ಣ ಬಣ್ಣದ ಮೀನು ನೋಡುವ ಆಸೆ ಇದ್ದವರು ಇಲ್ಲಿಗೆ ಬರಬೇಡಿ. ಡಿಸೆಂಬರಿನಲ್ಲಿ ಊರಿಗೆ ಹೋದಾಗ ಮುರುಡೇಶ್ವರದಿಂದ ನೇತ್ರಾಣಿಗೆ ಹೋಗಿ.

ಆಮೇಲೆ ರಸೆಲ್ ದ್ವೀಪದ ಪಕ್ಕ ಹಾದು, ಕೋವ್ ದ್ವೀಪದ ಬಿಳಿಯ ದೀಪಸ್ತಂಭವನ್ನು ದೂರದಿಂದ ನೋಡಿ (1858ರಿಂದ ಇದೆ), ಮಧ್ಯಾಹ್ನಕ್ಕೆ ಫ್ಲವರ್‌ಪಾಟ್ ದ್ವೀಪದಲ್ಲಿ ಇಳಿದೆವು. ಟೊಬರ್‌ಮೋರಿಯಿಂದ ಆರೂವರೆ ಕಿಲೋಮೀಟರ್. ದಡದಲ್ಲಿ ಹೂಕುಂಡದ ಆಕಾರದ ಎರಡು ಬಂಡೆ ಕಂಬಗಳು, ದೊಡ್ಡದು ಸುಮಾರು 40 ಅಡಿ. ಕೆಳಗಿನ ಮೆತ್ತನೆ ಪದರವನ್ನು ಅಲೆ ತಿಂದಿದೆ, ಮೇಲಿನ ಗಟ್ಟಿ ಪದರ ಕುಂಡದ ಬಾಯಿಯಂತೆ ಉಳಿದಿದೆ. ಮೂರನೆಯದೊಂದಿತ್ತು, 1903ರಲ್ಲಿ ಬಿದ್ದು ಹೋಯಿತು. ಸೇಂಟ್ ಮೇರೀಸ್ ದ್ವೀಪದ ಕಲ್ಲು ಕಂಬಗಳನ್ನು ನೋಡಿದವರಿಗೆ ಹೋಲಿಕೆ ಹೊಳೆಯಬಹುದು. ಆದರೆ ಅದು ಲಾವಾ ತಣಿದು ಸೀಳಿದ್ದು, ಇದು ಸಮುದ್ರದ ತಳ ಗಟ್ಟಿಯಾಗಿದ್ದು.

ಕಲ್ಲಿನ ಮೇಲೆ ಕೂತು ಚಪಾತಿ, ಪಲ್ಯ, ಮೊಸರನ್ನ ಆಯಿತು. ಅಮ್ಮ ಮೊಣಕಾಲಿನವರೆಗೆ ನೀರಿಗಿಳಿದರು. ಈ ವಯಸ್ಸಿನಲ್ಲಿ ಈ ಚಳಿಗೆ ಪೂರ್ತಿ ಇಳಿಯುವುದು ಬೇಡ ಅಂತ ನಾನೇ ತಡೆದೆ. ಬಿ.ಪಿ. ಮಾತ್ರೆ ತೆಗೆದುಕೊಳ್ಳುತ್ತಾರೆ. "ಆವಾಗ ಅಪ್ಪಯ್ಯ, ಈಗ ನೀನು" ಅಂದರು. ತಮಾಷೆಗೇ ಅಂದಿದ್ದು. ವಾಪಸ್ ಬಂದ ಮೇಲೆ ಅರೋರಾದ ಬೆಚ್ಚಗಿನ ಕೊಳಕ್ಕೆ, ಡಾಕ್ಟರನ್ನು ಕೇಳಿ, ಸೊಸೆಯ ಜೊತೆ ಅಮ್ಮನನ್ನೂ ಸೇರಿಸಿದೆ. ಭಾರತಕ್ಕೆ ಹೊರಡುವ ಮೊದಲು ಎಂಟು ಕ್ಲಾಸ್ ಮುಗಿಸಿದರು.

ಹೋಗುವವರಿಗೆ ಕೆಲವು ವಿವರ. ಭಾರತದ ಪಾಸ್‌ಪೋರ್ಟ್ ಇದ್ದು ಗ್ರೀನ್ ಕಾರ್ಡ್ ಇಲ್ಲದವರಿಗೆ ಕೆನಡಾ ವೀಸಾ ಬೇಕು, ಊರಿನಿಂದ ಬಂದ ಹಿರಿಯರಿಗೂ ಬೇಕು. ಅದಕ್ಕೆ ತಿಂಗಳುಗಟ್ಟಲೆ ಮೊದಲೇ ಅರ್ಜಿ ಹಾಕಿ. ವಾಪಸ್ ಬರುವಾಗಿನ ಅಮೆರಿಕ ವೀಸಾ ದಿನಾಂಕವನ್ನೂ ನೋಡಿಕೊಳ್ಳಿ, ಸಂಶಯ ಇದ್ದರೆ ವಕೀಲರನ್ನು ಕೇಳಿ. ಆಗಸ್ಟಿನಲ್ಲಿ ದೋಣಿ, ಹೋಟೆಲ್ ಎರಡೂ ಬೇಗ ತುಂಬುತ್ತವೆ. ಮುಳುಗಿದ ಹಡಗಿನ ಮೇಲೆ ಈಜುವ ಸಮಯದ ನಿಯಮಗಳನ್ನು ದೋಣಿಯವರಲ್ಲೇ ವಿಚಾರಿಸಿ. ಈಜಲು ಇಷ್ಟವಿಲ್ಲದವರಿಗೆ ಗಾಜಿನ ತಳದ ದೋಣಿಗಳಿವೆ, ಹಡಗು ಅಲ್ಲಿಂದಲೂ ಚೆನ್ನಾಗಿ ಕಾಣುತ್ತದೆ. ಗಾಳಿ ಜೋರಾದರೆ ಪ್ರವಾಸ ರದ್ದಾಗುತ್ತದೆ, ಆದ್ದರಿಂದ ಒಂದು ದಿನ ಹೆಚ್ಚಿಗೆ ಇಟ್ಟುಕೊಳ್ಳಿ. ದ್ವೀಪಕ್ಕೆ ಊಟ, ಕುಡಿಯುವ ನೀರು ನೀವೇ ಒಯ್ಯಬೇಕು, ಕಸ ನೀವೇ ವಾಪಸ್ ತರಬೇಕು. ಫ್ಲಾಸ್ಕಿನಲ್ಲಿ ಬಿಸಿ ಕಾಫಿ ಇರಲಿ. ನೀರಿನಿಂದ ಎದ್ದು ಬಂದವರು ಮೊದಲು ಕೇಳುವುದು ಅದನ್ನೇ.