ಗಾಜಿನೊಳಗಿನ ಜರಿಗಿಡ

ತೀರ್ಥಹಳ್ಳಿಯ ನಮ್ಮ ಮನೆಯ ಬಾವಿಗೋಡೆಯ ಸಂದುಗಳಲ್ಲಿ ಜರಿಗಿಡಗಳು ತಾವಾಗಿಯೇ ಬೆಳೆಯುತ್ತಿದ್ದವು. ಅವಕ್ಕೆ ಯಾರೂ ನೀರು ಹಾಕಿದವರಲ್ಲ. ಇಲ್ಲಿ ಹ್ಯಾರೋದ ಮನೆಯಲ್ಲಿ ಮಾತ್ರ ನನ್ನ ಕೈಯಲ್ಲಿ ಎರಡು ಗಿಡ ಸತ್ತವು. ಕೂದಲೆಳೆಯಂಥ ಕಪ್ಪು ಕಡ್ಡಿಗೆ ಪುಟ್ಟ ಪುಟ್ಟ ಎಲೆಯ 'ಮೇಡನ್‌ಹೇರ್' ಜಾತಿ. ಮೂರನೆಯದನ್ನು ಅಮ್ಮ ಇಲ್ಲಿಗೆ ಬಂದಿದ್ದಾಗ ಆರಿಸಿದ್ದರು. ಅಮ್ಮ ಈಗಿಲ್ಲ. ಅದನ್ನಾದರೂ ಉಳಿಸಿಕೊಳ್ಳಬೇಕಿತ್ತು.

ಚಳಿಗಾಲ ಬಂತು, ಎಲೆಯಂಚು ಸುಟ್ಟಂತಾಯಿತು. ನಾನು ನೀರು ಸುರಿದದ್ದೇ ಸುರಿದದ್ದು! ಆದರೆ ಕೊರತೆ ಇದ್ದದ್ದು ಬುಡದಲ್ಲಲ್ಲ. ಹೀಟಿಂಗ್‌ನಿಂದ ಒಣಗಿದ ಗಾಳಿಯಲ್ಲಿ.

ಉಪಾಯ ಸಿಕ್ಕಿದ್ದು ಈ ಊರಿನಲ್ಲೇ. 1829ರಲ್ಲಿ ಪೂರ್ವ ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್ ಪತಂಗದ ಗೂಡೊಂದನ್ನು ಒದ್ದೆ ಮಣ್ಣಿನೊಡನೆ ಬಾಟಲಿಯಲ್ಲಿಟ್ಟು ಮುಚ್ಚಿದ್ದರು. ಕಲ್ಲಿದ್ದಲ ಹೊಗೆಗೆ ಅವರ ತೋಟದಲ್ಲಿ ಬದುಕದ ಜರಿಗಿಡ ಆ ಬಾಟಲಿಯಲ್ಲಿ ಮೊಳೆಯಿತು! ಮಣ್ಣಿನ ತೇವ ಆವಿಯಾಗಿ, ಗಾಜಿಗಂಟಿ, ಮತ್ತೆ ಮಣ್ಣಿಗೇ ಇಳಿಯುತ್ತಿತ್ತು. 1833ರಲ್ಲಿ ಅಂಥ ಗಾಜಿನ ಪೆಟ್ಟಿಗೆಗಳಲ್ಲಿ ಹಡಗೇರಿದ ಗಿಡಗಳು ಸಿಡ್ನಿಯನ್ನು ಜೀವಂತವಾಗಿ ತಲುಪಿದವು. ಮುಂದೆ ಚೀನಾದ ಚಹಾ ಸಸಿಗಳು ಭಾರತಕ್ಕೆ ಬಂದದ್ದೂ ಹೀಗೆಯೇ.

ಒಣಗಿದ ಎಲೆಗಳನ್ನೆಲ್ಲ ಬುಡಕ್ಕೆ ಕತ್ತರಿಸಿದೆ. (ಸತ್ತಿತೆಂದು ಎಸೆಯಬೇಡಿ, ಬೇರಿನಲ್ಲಿ ಜೀವವಿರಬಹುದು.) ಹಳೆಯ ಫಿಶ್‌ಟ್ಯಾಂಕಿನ ತಳಕ್ಕೆ ಸಣ್ಣ ಜಲ್ಲಿ ಹಾಸಿ, ಮೇಲೆ ಎಲೆಗೊಬ್ಬರದ ಮಣ್ಣು ಹಾಕಿ ನೆಟ್ಟು, ಗಾಜು ಮುಚ್ಚಿ ಉತ್ತರದ ಕಿಟಕಿಯ ಬಳಿ ಇಟ್ಟೆ. ನೇರ ಬಿಸಿಲು ಬಿದ್ದರೆ ಗಿಡ ಬೆಂದೇಹೋಗುತ್ತದೆ. ಹನಿ ದಟ್ಟವಾಗಿ ಒಳಗೇನೂ ಕಾಣದಿದ್ದರೆ ಮುಚ್ಚಳ ಸ್ವಲ್ಪ ಸರಿಸಿ.

ಐದು ವಾರದ ಮೇಲೆ ಒಂದು ಬೆಳಿಗ್ಗೆ ಮಗಳು ಕೂಗಿದಳು: "ಅಪ್ಪಾ, ಅಜ್ಜಿ ಗಿಡ ಚಿಗುರಿದೆ!"